ಹರಕೆ ಹುಂಜವೂ ಹಿಮಾಚಲದ ಹೊಳೆಯೂ

"ಹಿಡಿದ್ರೆ ಟ್ರೌಟೇ ಹಿಡಿಯೋದು ಕಣೋ! ಇಲ್ದಿದ್ರೆ ಈ ಜನ್ಮದಲ್ಲಿ ಗಾಳ ಮುಟ್ಟಲ್ಲ!"

ಬಾಶೆಟ್ಟಿಹಳ್ಳಿಯ ಬಿಡಿಭಾಗದ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಅರ್ಧ ತಿಂದ ಚಿತ್ರಾನ್ನದ ತಟ್ಟೆಯನ್ನು ಸಾಕ್ಷಿಗಿಟ್ಟುಕೊಂಡು ದೇವೇಂದ್ರ ಈ ಘೋರ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆಯೇನೂ ಸುರಿಯಲಿಲ್ಲ. ಎದುರಿಗೆ ಕೂತಿದ್ದ ಮುರಳಿ ಒಗ್ಗರಣೆಯ ಕಡಲೆಬೀಜ ಆರಿಸಿ ಬಾಯಿಗೆ ಹಾಕಿಕೊಂಡು, "ಮೊದ್ಲು ಆ ಬಲಗಾಲಿಂದು ಹುಡುಕು ಗುರು" ಎಂದ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ನಗುವುದಕ್ಕೆ ಕಾರಣವಿತ್ತು. ಹಿಂದಿನ ಭಾನುವಾರ ಇಬ್ಬರೂ ಕೆರೆ ಏರಿಯ ಮೇಲೆ ಕೂತು ಗಾಳ ಹಾಕಿದ್ದರು. ಮುರಳಿ ಎರೆಹುಳು ಸಿಕ್ಕಿಸಿ ಚೀಲದ ತುಂಬ ಜಿಲೇಬಿ ಮೀನು ಹಿಡಿದ. ದೇವೇಂದ್ರನ ಗಾಳಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿದ್ದದ್ದು ಒಂದು ರಬ್ಬರ್ ಚಪ್ಪಲಿ. ಎಡಗಾಲಿನದು. ಅದನ್ನು ಮುರಳಿ ಗುಟ್ಟಾಗಿಡಬಹುದಿತ್ತು. ಸ್ನೇಹಿತ ಎನ್ನಿಸಿಕೊಂಡವನು ಇಡಬೇಕಿತ್ತು! ಅವನು ಅದರ ಫೋಟೋ ತೆಗೆದು ಕಾರ್ಖಾನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ.

ಅಂದಿನಿಂದ ದೇವೇಂದ್ರನಿಗೆ ಎರೆಹುಳುವನ್ನು ಕಂಡರೇ ಸಿಟ್ಟು. ಹಸಿದ ಮೀನಿಗೆ ಊಟ ತೋರಿಸಿ ಹಿಡಿಯುವುದು ಯಾವ ಗಂಡಸುತನ? ಹಾಗೆ ಕುದಿಯುತ್ತಿದ್ದಾಗಲೇ ಮೊಬೈಲಿನಲ್ಲಿ ಆ ವಿಡಿಯೋ ಕಣ್ಣಿಗೆ ಬಿತ್ತು. ಹಿಮಾಚಲದ ಯಾವುದೋ ಕಣಿವೆ. ಗಾಜಿನಂಥ ನೀರು. ಹೊಳೆಯ ನಡುವೆ ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ನಿಂತ ಒಬ್ಬ ಮಹಾನುಭಾವ, ಗಾಳದ ದಾರವನ್ನು ಆಕಾಶದಲ್ಲಿ ರಂಗೋಲಿ ಬಿಟ್ಟಂತೆ ಸುತ್ತಿಸಿ ಎಸೆಯುತ್ತಾನೆ. ದಾರದ ತುದಿಯಲ್ಲಿ ಹುಳುವಿಲ್ಲ, ಹಿಟ್ಟಿಲ್ಲ. ಕೋಳಿಪುಕ್ಕವನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿ ನೊಣ. ನಿಜವಾದ ನೊಣವೆಂದೇ ನಂಬಿ ಟ್ರೌಟ್ ಮೀನು ಚಂಗನೆ ನೆಗೆದು ಹಿಡಿಯುತ್ತದೆ. ಮಹಾನುಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ, ಹಣೆಗೆ ಮುತ್ತಿಟ್ಟು, ನೀರಿಗೇ ಬಿಟ್ಟುಬಿಡುತ್ತಾನೆ. ಫ್ಲೈ ಫಿಶಿಂಗ್! ದೇವೇಂದ್ರನಿಗೆ ರೋಮಾಂಚನವಾಯಿತು. ಇದು ಮೀನು ಹಿಡಿಯುವುದಲ್ಲ, ತಪಸ್ಸು! ಇದರಲ್ಲಿ ಚಪ್ಪಲಿ ಬೀಳುವ ಪ್ರಶ್ನೆಯೇ ಇಲ್ಲ. ಚಪ್ಪಲಿಗಳು ನೊಣ ತಿನ್ನುವುದಿಲ್ಲ.

ಮನೆಯಲ್ಲಿ ವಿಷಯ ಎತ್ತಿದ್ದು ಊಟದ ಹೊತ್ತಿನಲ್ಲಿ. ಹೆಂಡತಿ ಶಾಮಲಾ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಮನೆಯಲ್ಲೂ ಪ್ರಶ್ನೆ ಕೇಳದೆ ಯಾವುದನ್ನೂ ಪಾಸು ಮಾಡುವುದಿಲ್ಲ.

"ಅಷ್ಟು ದೂರ ಹೋಗಿ ಎಷ್ಟು ಕೆಜಿ ತರ್ತೀರಿ?"

"ತರೋದಿಲ್ಲ ಶಾಮಲಾ. ಹಿಡಿದು ಬಿಡೋದು."

ಮುದ್ದೆ ಮುರಿಯುತ್ತಿದ್ದ ತಾಯಿ ಪಾಪಕ್ಕನ ಕೈ ಅಲ್ಲೇ ನಿಂತಿತು. "ಬಿಡೋದಾ? ಎಲ್ಲಿಗೋ?"

"ನೀರಿಗೇ ಅಮ್ಮ."

"ಅದು ಮೊದ್ಲೇ ನೀರಲ್ಲೇ ಇತ್ತಲ್ಲೋ!"

"ಅಯ್ಯೋ ಅಮ್ಮ, ನಿಂಗೆ ಅರ್ಥ ಆಗಲ್ಲ. ಅದೊಂದು ಕಲೆ."

"ಅಂದ್ರೆ," ಎಂದಳು ಶಾಮಲಾ, ಸಾರು ಬಡಿಸುತ್ತ, "ರೈಲಲ್ಲಿ ಎರಡು ರಾತ್ರಿ, ಬಸ್ಸಲ್ಲಿ ಒಂದು ಹಗಲು ಕೂತು ಹೋಗಿ, ಆ ಮೀನನ್ನ ಮಾತಾಡಿಸ್ಕೊಂಡು ಬರ್ತೀರಾ? ನಮ್ಮಕ್ಕನ ಮನೆ ತ್ಯಾಮಗೊಂಡ್ಲಲ್ಲೇ ಇದೆ. ಹೋಗಿ ಮಾತಾಡಿಸ್ಕೊಂಡು ಬನ್ನಿ ಅಂದ್ರೆ ಸುಸ್ತು ಅಂತೀರಿ."

ದೇವೇಂದ್ರ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ. ರಾಗಿಮುದ್ದೆ ತಿನ್ನುವವನಿಗೆ ಕಲೆ ಇರಬಾರದೆಂದು ಯಾವ ಶಾಸ್ತ್ರದಲ್ಲಿದೆ? ವರ್ಷವಿಡೀ ಕಾರ್ಖಾನೆಯಲ್ಲಿ ಬಿಡಿಭಾಗ ತಪಾಸಣೆ ಮಾಡಿ, ಕೂದಲೆಳೆಯಷ್ಟು ಗೀರಿದ್ದರೂ ರಿಜೆಕ್ಟ್ ಡಬ್ಬಿಗೆ ಎಸೆಯುವ ಮನುಷ್ಯ ಒಂದೇ ಒಂದು ವಾರ ಹೊಳೆಯಲ್ಲಿ ನಿಲ್ಲಬಾರದೇ? ಕೊನೆಗೆ ಶಾಮಲಾ ಸೋತು, ಅಥವಾ ಆ ಊದಿದ ಮುಖ ನೋಡಿ ಸಾಕಾಗಿ, ಷರತ್ತಿನ ಅನುಮತಿ ಕೊಟ್ಟಳು.

"ಮುನಿಯಪ್ಪನ ಹರಕೆ ತೀರಿಸಿ. ಆಮೇಲೆ ನೀವುಂಟು, ನಿಮ್ಮ ಮೀನುಂಟು."

ಆ ಹರಕೆಯ ವಿಷಯ ಹೇಳಬೇಕು. ದೇವೇಂದ್ರನಿಗೆ ಕಾರ್ಖಾನೆಯಲ್ಲಿ ಕೆಲಸ ಪರ್ಮನೆಂಟ್ ಆದರೆ ಊರಾಚೆ ಬೇವಿನ ಮರದಡಿಯ ಮುನೇಶ್ವರನಿಗೆ, ಅಂದರೆ ಮನೆಮಂದಿಯ ಮುನಿಯಪ್ಪನಿಗೆ, ಊನವಿಲ್ಲದ ಕೆಂಪು ಹುಂಜ ಒಪ್ಪಿಸುತ್ತೇನೆಂದು ಪಾಪಕ್ಕ ಹೇಳಿಕೊಂಡಿದ್ದಳು. ಕೆಲಸ ಪರ್ಮನೆಂಟ್ ಆಯಿತು. ಹುಂಜ ಹಿತ್ತಲಲ್ಲಿ ಬೆಳೆಯಿತು. ಬೆಳೆಯಿತು ಎಂದರೆ ಸಾಲದು, ಮೆರೆಯಿತು. ದೇವರ ಹುಂಜವೆಂದು ಯಾರೂ ಗದರುವಂತಿಲ್ಲ. ದೇವೇಂದ್ರನ ಸ್ಕೂಟರಿನ ಸೀಟಿನ ಮೇಲೆ ಮಲಗುತ್ತಿತ್ತು; ಅವನು ಎಬ್ಬಿಸಿದರೆ, "ಅದರ ದೆಸೆಯಿಂದ ಬಂದಿರೋ ಸ್ಕೂಟರ್ ಕಣೋ ಅದು" ಎಂದು ಪಾಪಕ್ಕ ಅವನನ್ನೇ ಗದರುತ್ತಿದ್ದಳು. ಭಾನುವಾರ ಹರಕೆ, ಮಂಗಳವಾರ ರೈಲು ಎಂದು ತೀರ್ಮಾನವಾಯಿತು. ರಜೆ ಮಂಜೂರಾಯಿತು. ಟಿಕೆಟ್ ಬಂತು.

ಇನ್ನು ತಯಾರಿ! ತನ್ನ ಬೀದಿಯ ನಲ್ಲಿಗೆ ಯಾವ ದಿನ ನೀರು ಬರುತ್ತದೆಂದು ಗೊತ್ತಿಲ್ಲದ ದೇವೇಂದ್ರ, ಕಂಡರಿಯದ ಆ ಹೊಳೆಯಲ್ಲಿ ಬೆಳಗ್ಗೆ ನೀರು ಎಷ್ಟು ತಣ್ಣಗಿರುತ್ತದೆಂದು ಅರಿತ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಅದರ ಒಂದೊಂದು ತಿರುವನ್ನೂ ಹಿಗ್ಗಿಸಿ ನೋಡಿದ. "ಸೇತುವೆ ದಾಟಿದ ಮೇಲೆ ಎಡಕ್ಕೆ ಒಂದು ಬಂಡೆ ಇದೆ. ಅದರ ಹಿಂದೆ ಇರ್ತವೆ ನೋಡು" ಎಂದು ಆ ಬಂಡೆ ತಮ್ಮ ಪಿತ್ರಾರ್ಜಿತ ಆಸ್ತಿಯೇನೋ ಎಂಬಂತೆ ಹೇಳತೊಡಗಿದ. ಉದ್ದನೆಯ ಡಬ್ಬಿಯಲ್ಲಿ ಗಾಳದ ಕೋಲು ಬಂತು. ರಬ್ಬರ್ ಪ್ಯಾಂಟೂ ಬಂತು. ಅದನ್ನು ತೊಟ್ಟು ಅಂಗಳಕ್ಕೆ ಇಳಿದಾಗ ಪಾಪಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾರ ಹೊಲಕ್ಕೆ ಔಷಧಿ ಹೊಡೆಯೋಕೆ ಹೊರಟ್ಯೋ?" ಎಂದಳು.

ಎಲ್ಲವೂ ಬಂತು; ನೊಣ ಮಾತ್ರ ಬರಲಿಲ್ಲ. ಕಾರಣ, ವಿಡಿಯೋದ ಗುರುಗಳು ಖಡಾಖಂಡಿತವಾಗಿ ಹೇಳಿದ್ದರು: ಅಂಗಡಿಯ ನೊಣ ಕೊಳ್ಳುವವನು ಬೇಟೆಗಾರನೇ ಅಲ್ಲ. ನೊಣವನ್ನು ತಾನೇ ಕಟ್ಟಬೇಕು. ಅದಕ್ಕೆ ಚೆನ್ನಾಗಿ ಬಲಿತ ಹುಂಜದ ಕತ್ತಿನ ಪುಕ್ಕವೇ ಆಗಬೇಕು. ಬೆಂಕಿಯ ಬಣ್ಣದ್ದಾದರೆ ಸರ್ವಶ್ರೇಷ್ಠ.

ದೇವೇಂದ್ರ ಮೊಬೈಲಿನಿಂದ ತಲೆ ಎತ್ತಿದ. ಸ್ಕೂಟರಿನ ಸೀಟಿನ ಮೇಲೆ, ಬೆಳಗಿನ ಬಿಸಿಲಿಗೆ ಬೆಂಕಿಯ ಬಣ್ಣದ ಕತ್ತು ಮಿರುಗಿಸುತ್ತ, ಹರಕೆ ಹುಂಜ ಅವನನ್ನೇ ನೋಡುತ್ತಿತ್ತು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು!

ತಪ್ಪೇನಿದೆ ಎಂದು ಅವನು ತನ್ನೊಳಗೇ ವಾದ ಹೂಡಿದ. ವಾದಿ ಅವನೇ, ಪ್ರತಿವಾದಿ ಅವನೇ, ಜಡ್ಜೂ ಅವನೇ. ಹಾಗಾಗಿ ಕೇಸು ಬೇಗ ಮುಗಿಯಿತು. ಭಾನುವಾರ ಹೇಗೂ ಪುಕ್ಕ ಕೀಳುವುದೇ. ಮುನಿಯಪ್ಪನೇನು ಪುಕ್ಕ ತಿನ್ನುತ್ತಾನೆಯೇ? ನಾಲ್ಕು ಪುಕ್ಕ ಮುಂಗಡವಾಗಿ ಕಿತ್ತರೆ ಯಾರಿಗೆ ನಷ್ಟ? ಒಂದು ಹಿಡಿ ರಾಗಿ ತೋರಿಸಿ ಹುಂಜವನ್ನು ಹಿಡಿದ. ಅದು ಒಮ್ಮೆ ಕೊಕ್ಕೋ ಎಂದು ಆಕ್ಷೇಪಣೆ ದಾಖಲಿಸಿತು, ಅಷ್ಟೇ.

ನಾಲ್ಕೇ ಪುಕ್ಕದಲ್ಲಿ ಮುಗಿಯುತ್ತಿತ್ತೇನೋ. ಆದರೆ ಕಟ್ಟುವವನೂ ದೇವೇಂದ್ರ, ತಪಾಸಣೆ ಮಾಡುವವನೂ ದೇವೇಂದ್ರ! ಮೊದಲ ನೊಣ ಜಿರಳೆಯಂತಾಯಿತು. ರಿಜೆಕ್ಟ್. ಎರಡನೆಯದು ಹಲ್ಲುಜ್ಜುವ ಬ್ರಷ್ಷಿನಂತಾಯಿತು. ರಿಜೆಕ್ಟ್. ಮುಂದಿನದು ನೊಣದಂತೆಯೇ ಇತ್ತು, ಆದರೆ ಎಡರೆಕ್ಕೆ ಬಲರೆಕ್ಕೆಗಿಂತ ಕೂದಲೆಳೆಯಷ್ಟು ಗಿಡ್ಡ. ಇಷ್ಟು ವರ್ಷ ಇಂಥದ್ದನ್ನು ಪಾಸು ಮಾಡಿದವನೇ ಅಲ್ಲ, ಈಗ ಸ್ವಂತದ್ದೆಂದು ಬಿಟ್ಟಾನೆಯೇ? ರಿಜೆಕ್ಟ್! ಪ್ರತಿ ರಿಜೆಕ್ಟಿಗೂ ಹುಂಜದ ಬಳಿ ಮತ್ತೊಂದು ಸಲ ರಾಗಿ ಹಿಡಿದುಕೊಂಡು ಹೋದ. ಶುಕ್ರವಾರದ ಹೊತ್ತಿಗೆ ಲೋಪವಿಲ್ಲದ ಒಂದು ನೊಣ ತಯಾರಾಗಿತ್ತು. ಹುಂಜದ ಕತ್ತು ಮಾತ್ರ ಈಗಷ್ಟೇ ಕ್ಷೌರದಂಗಡಿಯಿಂದ ಎದ್ದು ಬಂದಂತೆ ನುಣ್ಣಗಿತ್ತು.

"ಅಯ್ಯಯ್ಯೋ! ಯಾರ ಕಣ್ಣು ಬಿತ್ತೋ ನನ್ನ ಹುಂಜಕ್ಕೆ!" ಪಾಪಕ್ಕನ ಕೂಗಿಗೆ ಬೀದಿಯೇ ಸೇರಿತು. "ಭಾನುವಾರ ಒಪ್ಪಿಸ್ಬೇಕು, ಇವತ್ತು ಕಾಯಿಲೆ ಬಿದ್ದೈತಲ್ಲಪ್ಪಾ!"

"ಕಾಯಿಲೆ ಅಲ್ಲ ಅಮ್ಮ. ಪುಕ್ಕ ಉದುರೋ ಕಾಲ" ಎಂದ ದೇವೇಂದ್ರ, ತಜ್ಞನ ಗಾಂಭೀರ್ಯದಿಂದ.

"ಬರೀ ಕತ್ತಲ್ಲೇ ಉದುರುತ್ತಾ?" ಎಂದಳು ಶಾಮಲಾ.

"ಯಾಕೆ, ನನ್ನ ತಲೇಲಿ ಬರೀ ಮುಂದುಗಡೆ ಉದುರ್ತಿಲ್ವಾ?"

ಶಾಮಲಾ ಒಮ್ಮೆ ಅವನ ತಲೆ ನೋಡಿದಳು, ಒಮ್ಮೆ ಹುಂಜದ ಕತ್ತು ನೋಡಿದಳು, ಆಮೇಲೆ ಒಳಗೆ ಹೋದಳು.

ಪಾಪಕ್ಕ ಸುಮ್ಮನಿರುವವಳಲ್ಲ. ಕತ್ತಿಗೆ ಅರಿಸಿನ ಎಣ್ಣೆ ಹಚ್ಚಿದಳು. ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಕಾಲಿಗೆ ಕರಿದಾರ ಕಟ್ಟಿದಳು. ಆಮೇಲೆ ಮುನಿಯಪ್ಪನ ದಿಕ್ಕಿಗೆ ತಿರುಗಿ ಸೆರಗೊಡ್ಡಿ, "ಅಪ್ಪಾ, ಈ ಹುಂಜನ ಉಳಿಸ್ಕೊಡು. ನಿಂಗೆ ಇನ್ನೊಂದು ಹುಂಜ ಕೊಡ್ತೀನಿ" ಎಂದು ಹೇಳಿಕೊಂಡಳು. ಹುಂಜ ಉಳಿಯಲೆಂದು ಹುಂಜದ ಹರಕೆ! ದೇವೇಂದ್ರನಿಗೆ ನಗು ಬಂದು ಸ್ನಾನದ ಮನೆಗೆ ಓಡಿಹೋಗಬೇಕಾಯಿತು. ಆಗಲೇ ನಕ್ಕು ಮುಗಿಸಿಕೊಂಡದ್ದು ಒಳ್ಳೆಯದಾಯಿತು.

ಶನಿವಾರ ಬೆಳಗ್ಗೆ, ನಾಳೆಯ ಪೂಜೆಗೆ ಏನೇನು ಬೇಕೆಂದು ಪೂಜಾರಿ ಗೋಪಾಲಪ್ಪನವರನ್ನು ಕೇಳಲು ಪಾಪಕ್ಕ ಬೇವಿನ ಮರದ ಕಟ್ಟೆಗೆ ಹೋದಳು. ಇದೇ ಸಮಯವೆಂದು ದೇವೇಂದ್ರ ರಬ್ಬರ್ ಪ್ಯಾಂಟು ತೊಟ್ಟು ಅಂಗಳಕ್ಕಿಳಿದ. ಕರೆಯದಿದ್ದರೂ ಮುರಳಿ ಬಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಶಾಮಲಾ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು.

"ನೋಡಿ, ಕೋಲು ಗಡಿಯಾರದ ಮುಳ್ಳಿದ್ದ ಹಾಗೆ. ಹತ್ತು ಗಂಟೆಯಿಂದ ಎರಡು ಗಂಟೆ, ಎರಡರಿಂದ ಹತ್ತು. ಅಷ್ಟರಲ್ಲೇ ಆಡ್ಬೇಕು."

"ಹತ್ತರಿಂದ ಎರಡರವರೆಗೆ ಬೇರೆಯವ್ರು ಡ್ಯೂಟಿ ಮಾಡ್ತಾರೆ" ಎಂದಳು ಶಾಮಲಾ.

ದೇವೇಂದ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಲು ಹಿಂದಕ್ಕೆ ಹೋಯಿತು. ಮುಂದಕ್ಕೆ ಬಂತು. ದಾರ ಬಟ್ಟೆ ಒಣಹಾಕುವ ತಂತಿಯ ಮೇಲಿಂದ, ನುಗ್ಗೆ ಮರದ ಪಕ್ಕದಿಂದ, ಎಲ್ಲೂ ಸಿಕ್ಕದೆ, ವಿಡಿಯೋದಲ್ಲಿ ಇದ್ದಂತೆಯೇ ಆಕಾಶದಲ್ಲಿ ರಂಗೋಲಿ ಬಿಟ್ಟಿತು! ನೊಣ ಹಗುರಾಗಿ, ನಿಜವಾದ ನೊಣವೂ ನಾಚುವಂತೆ, ಅಂಗಳದ ಆ ತುದಿಯಲ್ಲಿ ಇಳಿಯಿತು. "ಆಹಾ!" ಎಂದು ಸ್ವತಃ ಮುರಳಿಯೇ ಅಂದುಬಿಟ್ಟ. ಅಷ್ಟರಲ್ಲಿ ಸ್ಕೂಟರಿನ ಮೇಲಿಂದ ಕೆಂಪಗಿನದೊಂದು ಚಂಗನೆ ನೆಗೆದು ನೊಣವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡಿತು.

ದೇವೇಂದ್ರನ ಜೀವಮಾನದ ಮೊದಲ ಬೇಟೆ! ಅದೂ ತನ್ನ ಪುಕ್ಕಕ್ಕೆ ತಾನೇ ಮೋಸಹೋದ ಬೇಟೆ!

ಮುಂದಿನದು ಕ್ಷಣಾರ್ಧದಲ್ಲಿ ನಡೆಯಿತು. ಹುಂಜ ಗಾಬರಿಯಾಗಿ ಗೇಟು ಹಾರಿ ಓಡಿತು. ದಾರದ ಉರುಳೆ ಕಿರ್ರನೆ ಕಿರುಚುತ್ತ ಬಿಚ್ಚಿಕೊಂಡಿತು. ಕೋಲು ಬಿಟ್ಟರೆ ಹೋಯಿತು, ಬಿಡದಿದ್ದರೆ ಹುಂಜದ ಬಾಯಿ ಹರಿದೀತು! ದೇವೇಂದ್ರ ಕೋಲು ಎತ್ತಿ ಹಿಡಿದು ಹಿಂದೆಯೇ ಓಡಿದ. ಎದೆಮಟ್ಟದ ರಬ್ಬರ್ ಪ್ಯಾಂಟಿನಲ್ಲಿ ಓಡುವುದೆಂದರೆ ಗೋಣಿಚೀಲದ ಓಟ.

"ದಾರ ಬಿಡು ಗುರು! ಬಿಗಿ ಹಿಡೀಬೇಡ! ಅದು ಸುಸ್ತಾಗ್ಲಿ!" ಮುರಳಿ ಮೊಬೈಲು ಎತ್ತಿ ಹಿಡಿದು ಹಿಂದೆಯೇ ಬಂದ. ವಿಡಿಯೋ ಗುರುಗಳ ಮಾತುಗಳನ್ನು ಇವನು ಯಾವಾಗ ಕೇಳಿಸಿಕೊಂಡಿದ್ದನೋ!

ಹುಂಜ ಪಕ್ಕದ ರಾಗಿ ಹೊಲದ ಬದು ಹಿಡಿಯಿತು. ಕೊಳವೆಬಾವಿಯ ಶೆಡ್ಡನ್ನು ಒಂದು ಸುತ್ತು ಹಾಕಿತು. ದೇವೇಂದ್ರನೂ ಹಾಕಿದ. ಆಮೇಲೆ ಅದಕ್ಕೆ ಯಾರು ದಾರಿ ತೋರಿಸಿದರೋ, ನೇರವಾಗಿ ಬೇವಿನ ಮರದ ಕಟ್ಟೆ ಹತ್ತಿ, ಮುನೇಶ್ವರನ ಕಲ್ಲಿನ ಹಿಂದೆ ಹೋಗಿ ನಿಂತಿತು. ಕಟ್ಟೆ ಗುಡಿಸುತ್ತಿದ್ದ ಗೋಪಾಲಪ್ಪನವರು ಪೊರಕೆ ಎತ್ತಿ ಹಿಡಿದು ಬೆಪ್ಪಾದರು. ಪಾಪಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹುಂಜದ ಬಾಯಿಂದ ಹೊರಟ ದಾರ ಹೊಲ ದಾಟಿ, ಶೆಡ್ಡು ಸುತ್ತಿ, ಏದುಸಿರು ಬಿಡುತ್ತ ನಿಂತ ಅವಳ ಏಕೈಕ ಪುತ್ರನ ಕೈಯಲ್ಲಿ ಕೊನೆಗೊಂಡಿತ್ತು.

"ಗಾಬರಿ ಆಗ್ಬೇಡ ಅಮ್ಮ, ಹಿಡಿದು ಬಿಡೋಕೆ ಅಂತ್ಲೇ ಮಾಡಿರೋ ಹಿಮ್ಮುಳ್ಳಿಲ್ಲದ ಕೊಕ್ಕೆ ಇದು. ಏನೂ ಆಗಲ್ಲ." ದೇವೇಂದ್ರ ಹುಂಜವನ್ನು ಎರಡೂ ಕೈಯಲ್ಲಿ ಎತ್ತಿದ. ಕೊಕ್ಕೆ ಸಲೀಸಾಗಿ ಬಿಟ್ಟುಕೊಂಡಿತು. ಒಂದು ಹನಿ ರಕ್ತವಿಲ್ಲ. ಕ್ಷಣಕಾಲ ಅವನು ಥೇಟ್ ವಿಡಿಯೋದ ಮಹಾನುಭಾವನಂತೆಯೇ ಕಂಡ. ಮುರಳಿ ಅದೇ ಕ್ಷಣವನ್ನು ಫೋಟೋ ತೆಗೆದ.

ಆಶ್ಚರ್ಯವೆಂದರೆ ಪಾಪಕ್ಕ ಬೈಯಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. "ನೋಡಿದ್ರಾ ಗೋಪಾಲಪ್ಪಣ್ಣ? ನಿನ್ನೆ ಸಾಯೋ ಹಾಗಿದ್ದ ಹುಂಜ ಇವತ್ತು ಹೆಂಗೆ ಓಡ್ತು! ಸ್ವಾಮಿ ಸನ್ನಿಧಿಗೇ ಬಂದು ನಿಂತ್ಕೊಂತು! ಉಳಿಸ್ಕೊಟ್ಬಿಟ್ಟ ಮುನಿಯಪ್ಪ!"

ಗೋಪಾಲಪ್ಪನವರು ಹತ್ತಿರ ಬಂದು ಬೋಳು ಕತ್ತನ್ನು ಬಗ್ಗಿ ನೋಡಿದರು. "ಉಳಿಸಿದ್ದೇನೋ ಸರಿ ಪಾಪಕ್ಕ. ಆದ್ರೆ ಹಿಂಗೇ ಒಪ್ಪಿಸೋಕಾಗಲ್ಲ. ಊನ ಇರೋದು ಸ್ವಾಮಿಗೆ ಸಲ್ಲಲ್ಲ. ಪುಕ್ಕ ತುಂಬ್ಕೊಳ್ಲಿ."

"ನಾಳೆ ಹರಕೆ ಇಲ್ವಾ ಹಂಗಾದ್ರೆ?" ದೇವೇಂದ್ರ ಕೂಗಿಕೊಂಡ. "ಮಂಗಳವಾರ ನನ್ನ ರೈಲು!"

"ಹರಕೆ ಬಾಕಿ ಇಟ್ಕೊಂಡು ಹೊಳೆ ದಾಟೋ ಹಾಗಿಲ್ಲಪ್ಪ. ನಿಮ್ಮಜ್ಜನ ಕಾಲದಿಂದ ಇರೋ ಕಟ್ಟು."

"ದಾಟಲ್ಲ ಗೋಪಾಲಪ್ಪಣ್ಣ! ನಾನ್ಯಾಕೆ ದಾಟ್ಲಿ? ಮಧ್ಯದವರೆಗೆ ಹೋಗಿ ನಿಂತ್ಕೊಂಡು, ಹಂಗೇ ವಾಪಸ್ ಬರ್ತೀನಿ!"

"ರೈಲು ದಾಟುತ್ತಲ್ಲ" ಎಂದಿತು ಹಿಂದಿನಿಂದ ಒಂದು ಧ್ವನಿ. ಕಾಫಿ ಲೋಟದ ಸಮೇತ ಶಾಮಲಾ ಅಲ್ಲಿಗೂ ಬಂದು ನಿಂತಿದ್ದಳು. "ತುಂಗಭದ್ರೆ, ಕೃಷ್ಣೆ, ನರ್ಮದೆ, ಯಮುನೆ. ಇನ್ನೂ ಸಣ್ಣಪುಟ್ಟವು ಇದಾವೆ, ಹೇಳ್ಲಾ?"

ಹೆಂಡತಿ ಸಮಾಜ ಪಾಠದವಳಾಗಬಾರದು! ಆದರೂ ದೇವೇಂದ್ರ ಧೃತಿಗೆಡಲಿಲ್ಲ. ಪುಕ್ಕ ಬರಲು ಎಷ್ಟು ದಿನ ಹಿಡಿದೀತು? ಅಂಗಲಾಚಿ ರಜೆ ಮುಂದಕ್ಕೆ ಹಾಕಿಸಿಕೊಂಡರಾಯಿತು. ಹೊಳೆ ಅಲ್ಲೇ ಇರುತ್ತದೆ, ಬಂಡೆಯೂ ಅಲ್ಲೇ ಇರುತ್ತದೆ. ಅವನು ಹೀಗೆ ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಪಾಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಎರಡನೇದೂ ಸಾಕ್ಬೇಕಲ್ಲಪ್ಪ. ಇದು ಉಳಿದ್ರೆ ಇನ್ನೊಂದು ಕೊಡ್ತೀನಿ ಅಂತ ಹೇಳ್ಕೊಂಡಿದ್ದೆ. ಉಳೀತಲ್ಲ. ಸಂತೇಲಿ ಒಂದು ಕೆಂಪು ಮರಿ ತರ್ತೀನಿ. ಅದು ಬಲಿತು ಹುಂಜ ಆಗೋಕೆ ಒಂದು ವರ್ಷ ಇಟ್ಕೋ."

ಒಂದು ವರ್ಷ! ದೇವೇಂದ್ರನ ನೆತ್ತಿಗೆ ಬೆಂಕಿ ಹತ್ತಿತು. ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಇಲ್ಲದ ಕಾಯಿಲೆಗೆ, ಆಗದ ಪವಾಡಕ್ಕೆ, ತನ್ನ ಒಂದು ವರ್ಷವೇ?

"ಅದಕ್ಕೆ ಕಾಯಿಲೆನೇ ಇರ್ಲಿಲ್ಲ ಅಮ್ಮ! ಮುನಿಯಪ್ಪ ಎಲ್ಲಿ ಉಳಿಸ್ದ? ಏನಾಗಿತ್ತು ಅಂತ ಉಳಿಸ್ತಾನೆ? ಪುಕ್ಕ ಕಿತ್ತಿದ್ದು ನಾನು! ನೊಣ ಕಟ್ಟೋಕೆ ನಾನೇ ಕಿತ್ತಿದ್ದು!"

ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದು ಏನೆಂದು ಅವನ ಕಿವಿಗೇ ಕೇಳಿಸಿತು.

ಮುರಳಿ ಮೊಬೈಲನ್ನು ಇನ್ನೊಂದಿಷ್ಟು ಹತ್ತಿರ ತಂದ. ಗೋಪಾಲಪ್ಪನವರು ಪೊರಕೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಶಾಮಲಾ ಗಂಡನ ಮುಂದಲೆಯನ್ನೂ ಹುಂಜದ ಕತ್ತನ್ನೂ ಮತ್ತೊಮ್ಮೆ ನೋಡಿ, ಲೆಕ್ಕ ತಾಳೆಯಾದವರಂತೆ ತಲೆಯಾಡಿಸಿದಳು.

ಪಾಪಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶಾಂತವಾಗಿ ಹೇಳಿದಳು:

"ಹರಕೆ ಹರಕೆನೇ ಕಣೋ. ಹುಂಜನ ಉಳಿಸ್ಕೊಡಪ್ಪಾ ಅಂದೆ, ಉಳಿಸ್ಕೊಟ್ಟ. ಕಾಯಿಲೆಯಿಂದ ಉಳಿಸು ಅಂತ ಎಲ್ಲಿ ಕೇಳಿದ್ದೆ? ನಿನ್ನ ಕೈಯಿಂದ ಉಳಿಸ್ದ!"

ಗೋಪಾಲಪ್ಪನವರು ಮುನಿಯಪ್ಪನಿಗೆ ಕೈಮುಗಿದರು. ಇದರ ಮೇಲೆ ಮೇಲ್ಮನವಿ ಇರಲಿಲ್ಲ.

ಮಂಗಳವಾರ, ಯಶವಂತಪುರದಿಂದ ರೈಲು ಹೊರಡುವ ಹೊತ್ತಿಗೆ, ದೇವೇಂದ್ರ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹುಂಜದ ಕತ್ತಿಗೆ ಅರಿಸಿನ ಎಣ್ಣೆ ಹಚ್ಚುತ್ತಿದ್ದ. ರಜೆಯನ್ನು ಕಾರ್ಖಾನೆಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊಟ್ಟದ್ದು ಕೊಟ್ಟಾಯಿತು, ವಾರಪೂರ್ತಿ ಮನೆಯಲ್ಲಿರಿ ಎಂದರು. ಕಾಲ ಬಳಿ ರಟ್ಟಿನ ಡಬ್ಬಿಯಲ್ಲಿ ಸಂತೆಯಿಂದ ತಂದ ಕೆಂಪು ಮರಿ ಚಿಂವ್ ಚಿಂವ್ ಎನ್ನುತ್ತಿತ್ತು. ಅದರ ಊಟ, ತಿಂಡಿ, ಹದ್ದಿನಿಂದ ರಕ್ಷಣೆ, ಎಲ್ಲಕ್ಕೂ ಪಾಪಕ್ಕ ಅವನನ್ನೇ ನೇಮಿಸಿದ್ದಳು. ವಾಟ್ಸ್ಯಾಪ್ ಗುಂಪಿನಲ್ಲಿ ಅವನು ಹುಂಜ ಎತ್ತಿ ನಿಂತ ಫೋಟೋಗೆ ಮುರಳಿ ಬರೆದಿದ್ದ: 'ಹಿಮಾಚಲದ ಟ್ರೌಟ್‌ಗೆ ರೆಕ್ಕೆ ಇರುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ.'

ಎಣ್ಣೆ ಹಚ್ಚಿ ಮುಗಿಸಿ ಹುಂಜವನ್ನು ಕೆಳಗೆ ಬಿಟ್ಟ. ಅದು ಸೀದಾ ಅವನ ಮಡಿಲಿಗೇ ಹಾರಿತು. ಮತ್ತೆ ಇಳಿಸಿದ. ಮತ್ತೆ ಹಾರಿತು. ಎದ್ದು ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಲ್ಲಿ ನಿಂತು ಕಾದಿತ್ತು. ಅವನು ಬಂದು ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ಹೊಳೆಯ ಆ ಬಂಡೆಯನ್ನು ಹಿಗ್ಗಿಸಿ ನೋಡುತ್ತಿದ್ದಾಗ ಹುಂಜ ಭುಜದ ಮೇಲಿಂದ ಬಗ್ಗಿ ಬಂಡೆಯನ್ನು ಟಕ್ಕನೆ ಕುಕ್ಕಿತು.

"ಥತ್! ಹಿಡಿದ ಮೇಲೆ ಬಿಡ್ಬೇಕು ಅನ್ನೋ ನಿಯಮದ ಪ್ರಕಾರ ಬಿಟ್ಟೆ ತಾನೆ ನಾನು?" ದೇವೇಂದ್ರ ಆಕಾಶಕ್ಕೆ ಕೇಳುವಂತೆ ಕೂಗಿದ. "ಮತ್ಯಾಕೆ ನನ್ನ ಬೆನ್ನು ಬಿದ್ದಿದೆ ಇದು?"

ಬಟ್ಟೆ ಒಣಹಾಕುತ್ತಿದ್ದ ಶಾಮಲಾ ರಬ್ಬರ್ ಪ್ಯಾಂಟನ್ನು ಕೊಡವಿ ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು.

"ನೀವು ಬಿಟ್ರಿ, ಸರಿ. ಅದು ನಿಮ್ಮನ್ನ ಬಿಡ್ಬೇಕಲ್ಲ!"